ಘಾಟಿಯ ಆಚೀಚೆ ಸಂಬಂಧ ಕುದುರಿಸಿದ ಶೀಚುನ್

ಫೆಂಗ್‌ಯಾ ಘಾಟಿಯ ನೆತ್ತಿಯ ಮೇಲೆ ಶೀಚುನ್ ಹದಿನೆಂಟು ವರ್ಷ ನೂಡಲ್ಸ್ ಅಂಗಡಿ ನಡೆಸಿದಳು. ಕೆಳಗಿನ ಎರಡನೆಯ ತಿರುವಿನಲ್ಲಿ ಲಾರಿ ಗೇರು ಬದಲಿಸುವ ಸದ್ದು ಕೇಳಿದರೆ ಸಾಕು, ಬರುತ್ತಿರುವವನು ಯಾರು, ಅವನಿಗೆ ಖಾರ ಎಷ್ಟು ಬೇಕು, ಮನೆಯಲ್ಲಿ ಹೆಂಡತಿಯ ಜೊತೆ ಜಗಳವಾಡಿಕೊಂಡು ಹೊರಟಿದ್ದಾನೋ ಇಲ್ಲವೋ ಎಂದೆಲ್ಲ ಹೇಳಿಬಿಡುತ್ತಿದ್ದಳು. ಮೊದಲೆರಡು ಮಾತು ತಪ್ಪುತ್ತಿರಲಿಲ್ಲ. ಮೂರನೆಯದನ್ನು ಆ ಚಾಲಕನ ಹತ್ತಿರ ಕೇಳಿ ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅಂಗಡಿಯ ಪಕ್ಕದಲ್ಲೇ ಅವಳ ಗಂಡ ಚಾಂಗ್‌ಗೆನ್ ಟೈರಿಗೆ ಪಂಕ್ಚರ್ ಹಾಕುತ್ತ, ಕಾದ ಬ್ರೇಕಿಗೆ ನೀರು ಸುರಿಯುತ್ತ ಕೂತಿರುತ್ತಿದ್ದ. ವಾರಕ್ಕೆರಡು ಸಲ ಘಾಟಿಯ ಪಶ್ಚಿಮದ ಬುಡದಲ್ಲಿರುವ ನಮ್ಮ ಶಿಪಾನ್ ಹಳ್ಳಿಯಿಂದ ಹಿಟ್ಟು, ಕಲ್ಲಿದ್ದಲು, ಮೂಲಂಗಿ ಹೊತ್ತು ತರುತ್ತಿದ್ದದ್ದು ನನ್ನ ಟಿಲ್ಲರ್. ನನ್ನ ಹೆಸರು ಕುವಾಂಗ್. ಚಾಂಗ್‌ಗೆನ್ ನನಗೆ ದಾಯಾದಿ ಅಣ್ಣ, ಹಾಗಾಗಿ ಶೀಚುನ್ ಅತ್ತಿಗೆ. ಕುಳ್ಳಗೆ, ಗುಂಡಗೆ ಇದ್ದಳು. ನಗು ಬಂದರೆ ನಿಂತುಕೊಂಡು ನಗಲು ಆಗುತ್ತಿರಲಿಲ್ಲ, ಎಲ್ಲಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದಳು. ಒಂದು ಸಲ ಹಿಟ್ಟಿನ ಮೂಟೆಯ ಮೇಲೆ, ಇನ್ನೊಂದು ಸಲ ಒಬ್ಬ ಪೊಲೀಸಿನವನ ಮಡಿಲಲ್ಲಿ.

ನೂಡಲ್ಸಿಗಿಂತ ಹೆಚ್ಚಾಗಿ ಅವಳಿಗೆ ಹೆಸರು ಬಂದದ್ದು ಸಂಬಂಧ ಕುದುರಿಸುವುದರಲ್ಲಿ. ಘಾಟಿಯ ಪಶ್ಚಿಮದ ಹಳ್ಳಿಗಳಲ್ಲಿ ಗಂಡುಗಳು ಜಾಸ್ತಿ, ಪೂರ್ವದಲ್ಲಿ ಹೆಣ್ಣುಗಳು ಜಾಸ್ತಿ. ಎರಡೂ ಕಡೆಯವರು ಸುಸ್ತಾಗಿ ಉಸಿರು ಬಿಡುವ ಜಾಗ ಅವಳ ಅಂಗಡಿ. ನನ್ನನ್ನೇ ತಗೊಳ್ಳಿ. ಒಂದು ಮಧ್ಯಾಹ್ನ ಪೂರ್ವದ ಕಡೆಯ ಹುಡುಗಿಯೊಬ್ಬಳ ಎದುರು ನನ್ನನ್ನು ಕೂರಿಸಿ, ಹುಳಿಸಾರಿನ ನೂಡಲ್ಸ್ ಒಂದೇ ಬಟ್ಟಲಲ್ಲಿ ಹಾಕಿ, ಎರಡು ಜೊತೆ ಕಡ್ಡಿ ಇಟ್ಟಳು.

"ಬೇರೆ ಬಟ್ಟಲು ಇಲ್ಲ ತಮ್ಮ, ಹೊಂದಿಸ್ಕೊಂಡು ತಿನ್ನಿ," ಎಂದಳು.

ಹಿಂದಿನ ಕಪಾಟಿನಲ್ಲಿ ನಲವತ್ತು ಬಟ್ಟಲಿದ್ದವು. ಅದು ನನಗೂ ಗೊತ್ತಿತ್ತು, ಏಕೆಂದರೆ ಅವನ್ನು ಪೇಟೆಯಿಂದ ತಂದವನೇ ನಾನು. ಆದರೂ ಕಡ್ಡಿ ಕೈಗೆತ್ತಿಕೊಂಡೆ. ಆ ಹುಡುಗಿ ಈಗ ನನ್ನ ಹೆಂಡತಿ.

ಶೀಚುನ್‌ಳ ನಲವತ್ತೊಂದನೆಯ ವಯಸ್ಸಿನಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸುರಂಗ ತೆರೆಯಿತು. ಅವತ್ತೂ ಬೆಳಿಗ್ಗೆ ಅವಳು ಎಂದಿನಂತೆ ಅರವತ್ತು ಜನರಿಗೆ ಹಿಟ್ಟು ನಾದಿದ್ದಳು. ಸಂಜೆಯವರೆಗೆ ಬಂದದ್ದು ಒಂದೇ ಲಾರಿ.

"ಅಂತೂ ನೀನೊಬ್ಬ ನಮ್ಮನ್ನ ಮರೀಲಿಲ್ವಲ್ಲಪ್ಪ," ಎಂದಳು ಶೀಚುನ್.

"ಇಲ್ಲ ಅಕ್ಕ, ಸುರಂಗದ ಬಾಯಿ ಯಾವ ಕಡೆ ಅಂತ ಕೇಳೋಣ ಅಂತ ಬಂದೆ."

ಅವಳು ನೆಲದ ಮೇಲೆ ಕೂತು ನಕ್ಕಳು. ಅವನಿಗೆ ಐದು ಬಟ್ಟಲು ತಿನ್ನಿಸಿ ಕಳಿಸಿದಳು. ಉಳಿದ ಹಿಟ್ಟನ್ನು ನಮ್ಮ ಹಳ್ಳಿ ಮೂರು ದಿನ ತಿಂದಿತು.

ಚಾಂಗ್‌ಗೆನ್ ತನ್ನ ಪಂಕ್ಚರ್ ಸಾಮಾನು ಕಟ್ಟಿಕೊಂಡು ಸುರಂಗದ ಬಾಯಿಗೆ ಇಳಿದುಹೋದ. ಶೀಚುನ್ ಇಳಿಯಲಿಲ್ಲ. ಮುಂದಿನ ವರ್ಷ ಅರಣ್ಯ ಇಲಾಖೆಯ ಸೂಚನೆ ಬಂತು. ಘಾಟಿಯ ಮೇಲಿನ ಹಳೆ ರಸ್ತೆಯನ್ನು ಮುಚ್ಚುತ್ತಾರೆ, ಪಶ್ಚಿಮದ ಸಂರಕ್ಷಿತ ಅರಣ್ಯಕ್ಕೂ ಪೂರ್ವದ ಸಂರಕ್ಷಿತ ಅರಣ್ಯಕ್ಕೂ ನಡುವೆ ಪಾಂಡಾ ಕಾರಿಡಾರ್ ಮಾಡುತ್ತಾರೆ, ಅಂಗಡಿ ತೆಗೆಯಬೇಕು ಎಂದು. ಅವಳು ಒಲೆಕಟ್ಟೆಯ ಮೇಲೆ ಹತ್ತಿ ಕೂತು, ತನ್ನನ್ನು ಒಲೆಯ ಸಮೇತ ಹೊತ್ತುಕೊಂಡು ಹೋಗುವವರಿದ್ದರೆ ಬರಲಿ ಎಂದಳು. ಇಲಾಖೆಯ ಇಬ್ಬರು ಬಂದು ಅವಳ ಗಾತ್ರ ನೋಡಿ ಹಿಂದಿರುಗಿದರು.

ಮೂರನೆಯ ದಿನ ಬಂದವರು ರುವಾನ್ ಟೀಚರ್. ಐವತ್ತರ ಆಸುಪಾಸಿನ ಹೆಂಗಸು, ಕಡ್ಡಿಯಂತೆ ಸಪೂರ, ದಪ್ಪ ಗಾಜಿನ ಕನ್ನಡಕ. ಹತ್ತು ವರ್ಷಗಳಿಂದ ಈ ಬೆಟ್ಟಗಳಲ್ಲಿ ಪಾಂಡಾ ಎಣಿಸುವುದೇ ಅವರ ಕೆಲಸ, ಓದಿದವರೆಂದು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಬಂದವರು ಕಾರಿಡಾರಿನ ಮಾತೆತ್ತಲಿಲ್ಲ. ನೂಡಲ್ಸ್ ಕೇಳಿ ಒಂದು ಬಟ್ಟಲು ತಿಂದು, ಇನ್ನೊಂದು ಕೇಳಿದರು. ಹಿಟ್ಟು ಇಳಿಸಲು ಹೋದ ನಾನೂ ಅಲ್ಲೇ ಇದ್ದೆ.

"ಟೀಚರ್, ಈ ಪಾಂಡಾಗಳು ರಸ್ತೆ ದಾಟೋಕೆ ಆಗಲ್ವಾ? ಕೋಳಿ ದಾಟತ್ತೆ, ನಾಯಿ ದಾಟತ್ತೆ," ಎಂದು ಅವಳೇ ಕೆಣಕಿದಳು.

"ದಾಟಲ್ಲ ಅಮ್ಮ. ಬಿದಿರಿನ ಮರೆ ಇಲ್ಲದ ಕಡೆ ಅವು ಕಾಲಿಡಲ್ಲ. ಈ ರಸ್ತೆ ಆದಾಗಿಂದ ಈ ಕಡೇದು ಈ ಕಡೆ, ಆ ಕಡೇದು ಆ ಕಡೆ. ಪೂರ್ವದಲ್ಲಿ ಈಗ ಉಳಿದಿರೋದು ಏಳು."

"ಏಳು ಸಾಲ್ದಾ?"

"ಏಳೂ ಒಂದೇ ಮನೆಯವು. ಅಪ್ಪ, ಮಗಳು, ಚಿಕ್ಕಪ್ಪ, ತಂಗಿ. ಅಲ್ಲಿ ಎರಡು ಹೆಣ್ಣುಗಳು ವಯಸ್ಸಿಗೆ ಬಂದು ಕೂತಿವೆ. ಪಶ್ಚಿಮದಲ್ಲಿ ಗಂಡುಗಳು ಒಂದಕ್ಕೊಂದು ಕಚ್ಚಾಡ್ಕೊಂಡು ತಿರುಗ್ತಿವೆ. ನಡುವೆ ನಿಮ್ಮ ರಸ್ತೆ."

ಶೀಚುನ್‌ಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಪಶ್ಚಿಮದಲ್ಲಿ ಗಂಡು, ಪೂರ್ವದಲ್ಲಿ ಹೆಣ್ಣು?"

"ಹೂಂ."

"ಎರಡು ಹೆಣ್ಣು?"

"ಎರಡು."

ಅವಳು ಒಲೆಕಟ್ಟೆಯಿಂದ ದುಡುಮ್ಮನೆ ಇಳಿದಳು. "ಅಲ್ಲಾ ಟೀಚರ್! ಕಾರಿಡಾರು, ಗೀರಿಡಾರು ಅಂತ ಏನೇನೋ ಕಾಗದ ಕಳಿಸ್ತೀರಲ್ಲ, ಗಂಡು ಹೆಣ್ಣು ಕೂಡಿಸೋ ಕೆಲಸ ಅಂತ ಮೊದಲೇ ಬರೀಬಾರದಿತ್ತಾ?" ಎಂದು ಬೈದಳು. ನನ್ನ ಕಡೆ ತಿರುಗಿ, "ಕುವಾಂಗ್, ಇಳಿಸಿದ ಹಿಟ್ಟು ಮತ್ತೆ ಹೇರು. ನಡಿ ಕೆಳಗೆ!" ಎಂದಳು.

ಹದಿನೆಂಟು ವರ್ಷದ ಅಂಗಡಿಯನ್ನು ಅವಳು ಒಂದೂವರೆ ದಿನದಲ್ಲಿ ಕಿತ್ತಳು. ಒಲೆಗೆ ಮೊದಲ ಪೆಟ್ಟು ಹಾಕಿದವಳೂ ಅವಳೇ. ಹಾಕಿದ ಮೇಲೆ ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತಿದ್ದಳು.

ಇಲಾಖೆಯ ಬಿದಿರು ನೆಡುವ ತಂಡದಲ್ಲಿ ನಾವು ಎಂಟು ಜನ, ಎಲ್ಲರೂ ಶಿಪಾನಿನವರು. ಹಾರೆ ಪಿಕಾಸಿ ಹಿಡಿದು ಡಾಂಬರು ಕಿತ್ತೆವು. ಕಿರುಬೆರಳಿನ ದಪ್ಪದ ಕಾಡುಬಿದಿರನ್ನು ಬುಡದ ಮಣ್ಣಿನ ಸಮೇತ ತಂದು ಸಾಲಾಗಿ ನೆಟ್ಟೆವು. ಮೊದಲ ವರ್ಷ ಎಲ್ಲ ಒಣಗಿಹೋಯಿತು. ಎಲ್ಲ ಎಂದರೆ ಪೂರ್ತಿ ಎಲ್ಲ ಅಲ್ಲ, ಒಂದೇ ಒಂದು ಗುಡಾಣದಷ್ಟು ಜಾಗದಲ್ಲಿ ಬಿದಿರು ಹಚ್ಚಗೆ ಮೇಲೆದ್ದು ನಿಂತಿತ್ತು. ರುವಾನ್ ಟೀಚರ್ ಅಲ್ಲಿ ಮೊಣಕಾಲೂರಿ ಮಣ್ಣು ಮೂಸಿ ನೋಡಿದರು, ಕಾರಣ ಹೊಳೆಯಲಿಲ್ಲ. ಶೀಚುನ್ ಬಂದು ನೋಡಿ ಕುಸಿದು ಕೂತಳು.

"ಏನಾಯ್ತು ಅತ್ತಿಗೆ?"

"ಅದು ನಾನು ಮುಸುರೆ ಚೆಲ್ಲುತ್ತಿದ್ದ ಜಾಗ ಕಣೋ! ಹದಿನೆಂಟು ವರ್ಷ ನೂಡಲ್ಸ್ ಗಂಜಿ ಕುಡಿದು ಬೆಳೆದಿದೆ!"

ರಸ್ತೆಯ ಅಡಿಯ ಮಣ್ಣು ಜಲ್ಲಿ, ಡೀಸೆಲ್ಲು ಸೇರಿ ಕಲ್ಲಾಗಿತ್ತು, ಅಷ್ಟೇ ವಿಷಯ. ಮುಂದಿನ ಚಳಿಗಾಲವಿಡೀ ಕಾಡಿನೊಳಗಿಂದ ಕೊಳೆತ ತರಗೆಲೆಯ ಕಪ್ಪು ಮಣ್ಣನ್ನು ಬೆನ್ನಬುಟ್ಟಿಯಲ್ಲಿ ಹೊತ್ತು ತಂದೆವು. ಹಳ್ಳಿಯ ಪ್ರತಿ ಮನೆಯ ಮುಸುರೆಯನ್ನೂ ಅವಳು ಡಬ್ಬದಲ್ಲಿ ತುಂಬಿಸಿ ನನ್ನ ಟಿಲ್ಲರಿಗೆ ಹೇರಿಸಿದಳು. ಆ ವರ್ಷ ನಮ್ಮೂರಿನ ಹಂದಿಗಳೆಲ್ಲ ಸೊರಗಿದವು, ಬಿದಿರು ಮಾತ್ರ ಎದೆಯೆತ್ತರ ಬಂತು.

ಮೂರನೆಯ ವರ್ಷದ ಹೊತ್ತಿಗೆ ಬಿದಿರು ಮೆಳೆಯಾಗಿ ಹಬ್ಬಿ ಒಬ್ಬರ ಮುಖ ಒಬ್ಬರಿಗೆ ಕಾಣದಂತಾಯಿತು. ಆಗ ರುವಾನ್ ಟೀಚರ್ ಹೊಸ ಚಿಂತೆ ಹಚ್ಚಿಕೊಂಡರು. ತೀರಾ ತೆಳುವಾದರೆ ಪಾಂಡಾ ಹೆದರುತ್ತದೆ, ತೀರಾ ಒತ್ತಾದರೆ ನುಗ್ಗಲು ಆಗುವುದಿಲ್ಲ. ಎಷ್ಟಿರಬೇಕು ಎಂದು ಪಟ್ಟಿ ಹಿಡಿದು ಕೋಲೆಣಿಸುತ್ತ ಕೂತರು.

"ಎಣಿಸೋದು ಯಾಕೆ, ಹೋಗಿ ನೋಡಿದ್ರೆ ಆಯ್ತು," ಎಂದಳು ಶೀಚುನ್. "ದೊಡ್ಡ ಗಂಡು ಎಷ್ಟು ದಪ್ಪ ಇರತ್ತೆ?"

ಟೀಚರ್ ಕೈ ಅಗಲಿಸಿ ತೋರಿಸಿದರು. ಶೀಚುನ್ ತನ್ನ ಸೊಂಟ ನೋಡಿಕೊಂಡಳು. ಚಾಂಗ್‌ಗೆನ್ ಅವತ್ತು ಊಟ ತಂದಿದ್ದ. "ಏನೂ ಯೋಚನೆ ಮಾಡ್ಬೇಡಿ ಟೀಚರ್, ಅಳತೆ ಸರಿಹೋಗತ್ತೆ," ಎಂದವನೇ ಎರಡು ಹೆಜ್ಜೆ ಹಿಂದೆ ಹಾರಿದ.

ಅವಳು ಅವನಿಗೆ ಒಂದು ಮಣ್ಣುಹೆಂಟೆ ಎಸೆದು, ನಾಲ್ಕು ಕಾಲಿನ ಮೇಲಾಗಿ ಪಶ್ಚಿಮದ ಕಾಡಿನ ಅಂಚಿನಿಂದ ಮೆಳೆಯೊಳಗೆ ನುಗ್ಗಿದಳು. ಹೊರಗಿನಿಂದ ನಮಗೆ ಬಿದಿರಿನ ತುದಿಗಳು ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಅಲುಗಾಟ ಸ್ವಲ್ಪ ದೂರ ಸಾಗಿ ನಿಂತಿತು.

"ಅತ್ತಿಗೆ, ಸಿಕ್ಕಿಹಾಕ್ಕೊಂಡ್ಯಾ?"

"ಇಲ್ಲ ಕಣೋ, ನಗು ಬಂದ್ಬಿಡ್ತು! ಇಲ್ಲಿ ಕೂರೋಕೂ ಜಾಗ ಇಲ್ಲ! ಬನ್ನಿ ಯಾರಾದ್ರೂ, ಹಿಂದಿಂದ ನೂಕಿ!"

ನಾನು ನುಗ್ಗಿದೆ. ನನ್ನ ಹಿಂದೆ ಇನ್ನಿಬ್ಬರು, ಅವರ ಹಿಂದೆ ಉಳಿದವರು. ಮೊಮ್ಮಕ್ಕಳನ್ನು ಕಂಡವರು ಕೂಡ ಮಂಡಿಯೂರಿ, ಒಬ್ಬರ ಬೂಟಿಗೆ ಇನ್ನೊಬ್ಬರು ಹಣೆ ಕುಟ್ಟಿಸಿಕೊಂಡು, ಮೂಗಿಗೆಲ್ಲ ಎಲೆ ತುಂಬಿಸಿಕೊಂಡು ಹೋಗುತ್ತಿದ್ದೆವು. ಮುಂದೆ ಒಬ್ಬರು ನಕ್ಕರೆ ಆ ನಗು ಸಾಲಿನುದ್ದಕ್ಕೂ ಹಿಂದಕ್ಕೆ ಬರುತ್ತಿತ್ತು. ಕೊನೆಯಲ್ಲಿ ತೆವಳುತ್ತಿದ್ದವನಿಗೆ ಯಾಕೆ ನಗುತ್ತಿದ್ದೇವೆಂದು ಗೊತ್ತಿರಲಿಲ್ಲ, ಅವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಅದೇ ಹೊತ್ತಿಗೆ ಪ್ರಾಂತ್ಯದ ಕಚೇರಿಯಿಂದ ಕಾರಿಡಾರ್ ನೋಡಲು ಸಾಹೇಬರು ಬಂದರು. ನಾಳೆ ಬರಬೇಕಾದವರು ಇವತ್ತೇ ಬಂದಿದ್ದರು. ಎದುರಿಗೆ ನಿಂತಿದ್ದವರು ಊಟದ ಡಬ್ಬಿ ಹಿಡಿದ ಚಾಂಗ್‌ಗೆನ್ ಮತ್ತು ಕನ್ನಡಕ ಒರೆಸುತ್ತಿದ್ದ ರುವಾನ್ ಟೀಚರ್. ಬಿದಿರಿನ ಮೆಳೆಯಿಡೀ ಗಹಗಹಿಸುತ್ತಿತ್ತು.

"ಏನದು ಒಳಗೆ?" ಎಂದರು ಸಾಹೇಬರು ಗಾಬರಿಯಿಂದ.

ಟೀಚರ್ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಶೀಚುನ್ ಕೂಗಿದಳು. "ಮದುವೆ ದಿಬ್ಬಣ ಬರ್ತಾ ಇದೆ, ದಾರಿ ಬಿಡ್ರೋ!"

ಆ ಕೂಗಿನ ಬೆನ್ನಿಗೇ ಧಡ್ ಎಂಬ ಸದ್ದು, ಆಮೇಲೆ ಒಂದು ಚೀತ್ಕಾರ. ಒಳಗಿದ್ದವರು ತೆವಳಿಕೊಂಡು, ಹೊರಗಿದ್ದವರು ಬಿದಿರು ಸರಿಸಿಕೊಂಡು ಧಾವಿಸಿದೆವು. ಹಳೆ ರಸ್ತೆಯಂಚಿನ ಕಾಂಕ್ರೀಟ್ ಚರಂಡಿಯನ್ನು ನಾವು ಮರೆತೇಬಿಟ್ಟಿದ್ದೆವು. ಮೆಳೆಯಡಿ ಅದು ಬಾಯಿ ತೆರೆದು ಕೂತಿತ್ತು, ಶೀಚುನ್ ತಲೆ ಕೆಳಗಾಗಿ ಅದರೊಳಗೆ ಬಿದ್ದಿದ್ದಳು. ಮೇಲೆತ್ತಲು ಐದು ಜನ ಬೇಕಾಯಿತು. ಒಬ್ಬರು ಸಾಹೇಬರೇ. ಚರಂಡಿಗೆ ಕೈ ಹಾಕಿ ಅವರ ಕೋಟಿನ ತೋಳು ಹರಿಯಿತು.

"ಪಾಂಡಾ ಮರಿ ಏನಾದ್ರೂ ಇಲ್ಲಿ ಬಿದ್ದಿದ್ರೆ?" ಎಂದಳು ಅವಳು, ಮಂಡಿ ಉಜ್ಜಿಕೊಳ್ಳುತ್ತ. ಅದನ್ನು ಕೇಳಿ ನಗು ನಿಂತಿತು. ಆ ವಾರವೇ ಚರಂಡಿ ಮುಚ್ಚಲು, ಅದರ ಆಚೆಯ ಕಲ್ಲಿನ ತಡೆಗೋಡೆ ಒಡೆದು ಇಳಿಜಾರು ಮಾಡಲು ಅಪ್ಪಣೆಯಾಯಿತು. ಹೋಗುವ ಮೊದಲು ಸಾಹೇಬರು ಕೋಟು ಬಿಚ್ಚಿ ಚಾಂಗ್‌ಗೆನ್ ಕೈಗೆ ಕೊಟ್ಟು, ತಾವೂ ಒಂದು ಸಲ ತೆವಳಿ ನೋಡಿದರು. ಪೂರ್ವದ ಅಂಚಿನಲ್ಲಿ ತಲೆಗೆಲ್ಲ ಎಲೆ ಮೆತ್ತಿಕೊಂಡು ಹೊರಬಂದಾಗ ಅವರ ಮುಖ ನೋಡಬೇಕಿತ್ತು.

ಆಮೇಲೆ ಕಾಯುವ ಕಾಲ. ಮೆಳೆಯಲ್ಲಿ ನಾಲ್ಕು ಕಡೆ ಕ್ಯಾಮೆರಾ ಕಟ್ಟಿದ್ದರು, ಮುಂದೆ ಏನು ಸುಳಿದರೂ ತಾನೇ ಚಿತ್ರ ತೆಗೆಯುವಂಥದ್ದು. ತಿಂಗಳಿಗೊಮ್ಮೆ ಟೀಚರ್ ಅದನ್ನು ಕಂಪ್ಯೂಟರಿಗೆ ಹಾಕಿದಾಗ ನಾವೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಗಲ್ಲವಿಟ್ಟು ನೋಡುತ್ತಿದ್ದೆವು. ಕಾಡುಹಂದಿ ಬಂತು. ಮುಳ್ಳುಹಂದಿ ಬಂತು. ಬಂಗಾರದ ಬಣ್ಣದ ಫೆಸೆಂಟ್ ಕೋಳಿ ತನ್ನ ಸಂಸಾರವನ್ನೆಲ್ಲ ಕಟ್ಟಿಕೊಂಡು ಬಂತು. ಒಂದು ತಿಂಗಳು ಚಾಂಗ್‌ಗೆನ್ ಕಾಣಿಸಿಕೊಂಡ, ಬಿದಿರಿಗೆ ಮುಖ ಮಾಡಿ ನಿಂತು, ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು.

"ಗೊಬ್ಬರ ಹಾಕ್ತಿದ್ದೆ!" ಎಂದು ಅವನು ಅಂದದ್ದು ನಮ್ಮೂರಿನಲ್ಲಿ ಈಗಲೂ ಚಾಲ್ತಿಯಲ್ಲಿದೆ.

ಪಾಂಡಾ ಮಾತ್ರ ಬರಲಿಲ್ಲ. ಒಂದಲ್ಲ, ಎರಡಲ್ಲ, ನಾಲ್ಕು ವರ್ಷ. ನಾವು ಕಳೆ ಕಿತ್ತೆವು, ಹಿಮಕ್ಕೆ ಬಾಗಿದ ಬಿದಿರು ಎತ್ತಿ ಕಟ್ಟಿದೆವು. ಕೆಲವರು ಕೆಲಸ ಬಿಟ್ಟರು. "ನಿನ್ನ ಗಂಡು ಬೇರೆ ಕಡೆ ಹೆಣ್ಣು ನೋಡ್ಕೊಂಡಿರಬೇಕು," ಎಂದು ಊರವರು ಛೇಡಿಸಿದರೆ, "ಒಳ್ಳೆ ಸಂಬಂಧ ತಡವಾಗತ್ತೆ, ನಿನ್ನ ಥರ ಸಿಕ್ಕಿದ್ದಕ್ಕೆ ಕಟ್ಟಿಹಾಕೋಕಾಗತ್ತಾ?" ಎನ್ನುತ್ತಿದ್ದಳು.

ಏಪ್ರಿಲ್‌ನ ಒಂದು ದಿನ ನಮ್ಮೂರಿನಲ್ಲಿ ಮದುವೆಯಿತ್ತು. ಸಂಬಂಧ ಕುದುರಿಸಿದವಳು ಶೀಚುನ್ನೇ, ಮುಖ್ಯ ಮೇಜಿನಲ್ಲಿ ಅವಳಿಗೊಂದು ಕುರ್ಚಿ ಮೀಸಲಿತ್ತು. ಬೆಳಿಗ್ಗೆ ಕ್ಯಾಮೆರಾದ ಬ್ಯಾಟರಿ ಬದಲಿಸುವ ಸರದಿಯೂ ಅವಳದೇ ಆಗಿತ್ತು. "ಹೋಗಿ ಬಂದೆ," ಎಂದು ಘಾಟಿ ಹತ್ತಿದವಳು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಬಡಿಸುವ ಹೊತ್ತಾದರೂ ಪತ್ತೆಯಿಲ್ಲ. ಚಾಂಗ್‌ಗೆನ್ ಎದ್ದು ಹುಡುಕಲು ಹೊರಡಬೇಕು, ಅಷ್ಟರಲ್ಲಿ ಅವಳು ಅಂಗಳಕ್ಕೆ ನುಗ್ಗಿದಳು. ಕೂದಲ ತುಂಬ ಎಲೆ, ಒಂದು ಕಾಲಲ್ಲಿ ಬೂಟಿಲ್ಲ. ಎರಡೂ ಕೈಯಲ್ಲಿ ತಲೆವಸ್ತ್ರದ ಗಂಟು ಹಿಡಿದು ಎದೆಗವಚಿಕೊಂಡಿದ್ದಳು. ಗಂಟನ್ನು ಮುಖ್ಯ ಮೇಜಿನ ಮೇಲೆ, ಮೀನಿನ ತಟ್ಟೆಯ ಪಕ್ಕ ಇಟ್ಟು ಬಿಚ್ಚಿದಳು.

ಒಳಗೆ ಗೆಣಸಿನ ಆಕಾರದ, ಹಸಿರು ಬಣ್ಣದ ಮೂರು ಉಂಡೆ.

ಮದುಮಗನ ಅಜ್ಜಿಗೆ ಕಣ್ಣು ಮಂಜು. ಎಲೆಯಲ್ಲಿ ಸುತ್ತಿ ಬೇಯಿಸಿದ ಸಿಹಿಯಕ್ಕಿಯ ಕಡುಬು ಬಂತೆಂದುಕೊಂಡು ಒಂದನ್ನು ಎತ್ತಿಕೊಂಡರು. "ಬಿಸಿ ಆರಿದೆಯಲ್ಲೇ," ಎಂದು ಬಾಯಿಯ ಹತ್ತಿರ ತಂದಾಗ ರುವಾನ್ ಟೀಚರ್ ಎರಡು ಮೇಜು ದಾಟಿ ಹಾರಿ ಬಂದು ಕೈ ಹಿಡಿದುಕೊಂಡರು.

"ಅಜ್ಜಿ! ಅದು ಪಾಂಡಾ ಲದ್ದಿ!"

"ಹಾಗಾದ್ರೆ ಇದಕ್ಯಾಕೆ ಇಷ್ಟು ಒಳ್ಳೆ ವಾಸನೆ?" ಎಂದರು ಅಜ್ಜಿ, ಬಿಡಲು ಮನಸ್ಸಿಲ್ಲದೆ.

ನಿಜ, ಅದಕ್ಕೆ ಆಗ ತಾನೇ ಕೊಯ್ದ ಬಿದಿರಿನ ವಾಸನೆ. ಅಂಗಳದಲ್ಲಿದ್ದವರೆಲ್ಲ ಸರದಿಯಲ್ಲಿ ಮೂಸಿದರು. ಮದುಮಗಳು ಕೆಂಪು ಮುಸುಕು ಸರಿಸಿ ಎರಡು ಸಲ ಮೂಸಿದಳು. ಟೀಚರ್ ಒಂದು ಉಂಡೆ ಬಿಡಿಸಿ, ಊಟದ ಕಡ್ಡಿಯಿಂದಲೇ ಬಿದಿರಿನ ಚೂರುಗಳನ್ನು ಹೆಕ್ಕಿ ಅಳೆಯತೊಡಗಿದರು. ಒಂದೊಂದು ಪಾಂಡಾ ಒಂದೊಂದು ಉದ್ದಕ್ಕೆ ಕಚ್ಚುತ್ತದೆ, ಚೂರು ನೋಡಿ ಯಾರದೆಂದು ಅವರು ಅಂದಾಜು ಮಾಡುತ್ತಿದ್ದರು. ನೂರು ಜನ ಆ ಮೇಜಿನ ಸುತ್ತ ಮುತ್ತಿ ನಿಂತಿದ್ದೆವು.

"ಎಲ್ಲಿ ಸಿಕ್ತು?"

"ಪೂರ್ವದ ಅಂಚಲ್ಲಿ. ಚರಂಡಿ ಇತ್ತಲ್ಲ, ಅದನ್ನೂ ದಾಟಿ."

ಟೀಚರ್ ಕನ್ನಡಕ ತೆಗೆದರು. "ಪೂರ್ವದ ಏಳರಲ್ಲಿ ಇಷ್ಟು ಉದ್ದ ಕಚ್ಚೋದು ಯಾವುದೂ ಇಲ್ಲ. ಇದು ಪಶ್ಚಿಮದ ಗಂಡು. ದಾಟಿದೆ, ಶೀಚುನ್, ದಾಟಿಬಿಟ್ಟಿದೆ!"

ಹೋ ಎಂದು ಎದ್ದ ಕೂಗಿಗೆ ಕೋಳಿಗಳು ಮಾಡು ಹತ್ತಿದವು. ಪೀಪಿಯವನು ಕೆನ್ನೆ ಉಬ್ಬಿಸಿದ, ಮದುಮಗಳ ಅಪ್ಪ ಪಟಾಕಿ ಸರಕ್ಕೆ ಬೆಂಕಿಕಡ್ಡಿ ಗೀರಿದ. ಶೀಚುನ್ ಹಾರಿ ಹೋಗಿ ಆ ಕಡ್ಡಿ ಊದಿದಳು.

"ಶ್! ಯಾರೂ ಸದ್ದು ಮಾಡಕೂಡ್ದು! ಅದು ಈಗಷ್ಟೇ ಹೆಣ್ಣು ನೋಡೋಕೆ ಹೋಗಿದೆ. ಹೆದರಿ ಓಡಿಬಂದ್ರೆ?"

"ಪಟಾಕಿ ಇಲ್ಲದ ಮದುವೆ ಯಾವ ದೇಶದಲ್ಲಿದೆ?" ಎಂದು ಮದುಮಗಳ ಅಪ್ಪ ಸಿಡುಕಿದ.

"ನಾಲ್ಕು ವರ್ಷ ಕಾದಿದೀನಿ. ನಿನ್ನ ಅಳಿಯ ಹೇಗೂ ಓಡಿಹೋಗಲ್ಲ, ಹಂದಿಮಾಂಸ ತಿಂತಾ ಕೂತಿದಾನೆ ನೋಡು!"

ಘಾಟಿ ಒಂಬತ್ತು ಕಿಲೋಮೀಟರ್ ದೂರವಿದೆ, ಏನೂ ಕೇಳಿಸುವುದಿಲ್ಲ ಎಂದು ಟೀಚರ್ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಆಮೇಲೆ ಟೀಚರೂ ಪಿಸುಗುಟ್ಟತೊಡಗಿದರು. ಅಂತೂ ನಮ್ಮೂರಿನಲ್ಲಿ ಸದ್ದಿಲ್ಲದ ಮದುವೆಯೊಂದು ನಡೆಯಿತು. ಪೀಪಿಯವನು ಊದದೆ ಬೆರಳಷ್ಟೇ ಆಡಿಸಿದ. ಅದಕ್ಕೆ ಸರಿಯಾಗಿ ನಾವು ಬರಿಗಾಲಲ್ಲಿ ಕುಣಿದೆವು. ಜೋಳದ ಸಾರಾಯಿಯ ಬಟ್ಟಲುಗಳನ್ನು ತಾಗಿಸದೆ, ಗಾಳಿಯಲ್ಲೇ ತಾಗಿಸಿದ ಹಾಗೆ ಮಾಡಿ ಕುಡಿದೆವು. ಮದುಮಗ ಮದುಮಗಳು ಹಿರಿಯರಿಗೆ ತಲೆಬಾಗಿದಾಗ ಪುರೋಹಿತಿಕೆ ಮಾಡುತ್ತಿದ್ದ ಮುದುಕ ಆಜ್ಞೆಗಳನ್ನು ಕಿವಿಯಲ್ಲಿ ಉಸುರಿದ. ನಗು ತಡೆದು ತಡೆದು ಪಕ್ಕೆ ಹಿಡಿದುಕೊಂಡು ಜನ ಬೇಲಿಗೆ, ಗೋಡೆಗೆ ಒರಗಿದ್ದರು. ನನ್ನ ಹೆಂಡತಿ ಬಾಯಿಗೆ ನನ್ನ ಟೋಪಿ ತುರುಕಿಕೊಂಡಿದ್ದಳು. ಶೀಚುನ್ ಕುರ್ಚಿಯ ಮೇಲೆ ನಿಂತು, ಒಂದು ಕಾಲಿನ ಬೂಟಲ್ಲೇ ಕುಣಿಯುತ್ತ, ಸದ್ದಿಲ್ಲದೆ ಬಾಯಿ ಅಗಲಿಸಿ ಹಾಡುತ್ತಿದ್ದಳು. ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಮೂರು ದಿನ ಬಿಟ್ಟು ಕ್ಯಾಮೆರಾ ತಂದರು. ಬಹಳ ಚಿತ್ರಗಳಲ್ಲಿ ಬರೀ ಬಿದಿರು. ಒಂದರಲ್ಲಿ ಮಾತ್ರ, ಮೂಲೆಯಲ್ಲಿ, ದೊಡ್ಡದೊಂದು ಬಿಳಿಯ ಹಿಂಭಾಗ ಪೂರ್ವಕ್ಕೆ ಹೋಗುತ್ತಿತ್ತು. ಮುಖವಿಲ್ಲ, ಕಿವಿಯಿಲ್ಲ. "ಮದುಮಗ ಅಂದ್ರೆ ಇವನಪ್ಪ, ಹಿಂದೆ ತಿರುಗಿ ನೋಡ್ಲಿಲ್ಲ," ಎಂದಳು ಅವಳು. ಆ ಚಿತ್ರ ಈಗ ಅವಳ ಮನೆಯ ಗೋಡೆಯ ಮೇಲಿದೆ, ಚೌಕಟ್ಟು ಹಾಕಿಸಿದ್ದಾಳೆ.

ಮುಂದಿನ ವರ್ಷದ ಕೊನೆಗೆ ಪೂರ್ವದ ಕಾಡಿನಲ್ಲಿ ತಾಯಿಯ ಹಿಂದೆ ಮರಿಯೊಂದು ಕಂಡಿತು. ಅದರ ಲದ್ದಿಯನ್ನು ಪರೀಕ್ಷೆಗೆ ಕಳಿಸಿದರು. ತಂದೆ ಪಶ್ಚಿಮದವನೇ ಎಂದು ಟೀಚರ್ ಫೋನ್ ಮಾಡಿದಾಗ ಶೀಚುನ್ ಹಿಟ್ಟು ನಾದುತ್ತಿದ್ದಳು. ಕೇಳಿಸಿಕೊಂಡು, ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, "ಹೆಣ್ಣಾ ಗಂಡಾ?" ಎಂದಳು. ಹೆಣ್ಣು ಎಂದರು ಟೀಚರ್. "ಆಯ್ತು, ಇನ್ನು ಐದಾರು ವರ್ಷಕ್ಕೆ ಅದಕ್ಕೂ ನೋಡ್ಬೇಕು," ಎಂದು ನಿಟ್ಟುಸಿರಿಟ್ಟಳು, ಹೆಣ್ಣು ಹೆತ್ತ ಮನೆಯವರ ಹಾಗೆ.

ಈಗ ಅವಳಿಗೆ ಅರವತ್ತು ದಾಟಿದೆ. ಹೋದ ತಿಂಗಳು ಅವಳೂ ನಾನೂ ಇಬ್ಬರೇ ಮೇಲೆ ಹೋಗಿದ್ದೆವು, ಸತ್ತ ಬಿದಿರು ಎಲ್ಲಿದೆ ನೋಡಿ ಗುರುತು ಹಾಕಲು. ಮೆಳೆ ಎಷ್ಟು ಒತ್ತಾಗಿದೆಯೆಂದರೆ ಒಳಹೊಕ್ಕ ಮೇಲೆ ದಿಕ್ಕೇ ತಿಳಿಯಲಿಲ್ಲ. ಇಲ್ಲೇ ಎಡಕ್ಕೆ ಎಂದಳು, ಅಲ್ಲ ಬಲಕ್ಕೆ ಎಂದೆ. ಒಬ್ಬರನ್ನೊಬ್ಬರು ಬೈದುಕೊಂಡು, ಎರಡು ಗಂಟೆ ಸುತ್ತಿ, ಕೊನೆಗೆ ಇಳಿಜಾರು ಸಿಕ್ಕಿದ್ದೇ ಸಾಕೆಂದು ಜಾರಿಕೊಂಡು ಇಳಿದರೆ, ಬಂದದ್ದು ನಮ್ಮೂರಿಗಲ್ಲ. ಪೂರ್ವದ ಕಣಿವೆಯ ಬಸ್ ನಿಲ್ದಾಣಕ್ಕೆ. ಮೈಯೆಲ್ಲ ಮಣ್ಣು, ಇಬ್ಬರ ಜೇಬೂ ಖಾಲಿ. ಅಲ್ಲಿ ಕಡ್ಲೆಕಾಯಿ ಮಾರುತ್ತಿದ್ದ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಂದ ಬಂದ್ರಿ?"

"ಪಶ್ಚಿಮದಿಂದ," ಎಂದಳು ಶೀಚುನ್, ಆಗಲೇ ಬೆಂಚಿನ ಮೇಲೆ ಕುಸಿಯುತ್ತ. "ಕಾಡಲ್ಲೇ ನಡ್ಕೊಂಡು ಬಂದ್ವಿ ಕಣಮ್ಮ. ಎಲ್ಲೂ ರಸ್ತೆನೇ ಸಿಗಲಿಲ್ಲ!"